ಒಂದೇ ಫೋನಿನ ಹೆಸರುಗಳು

ಪರದೆಯ ಮೇಲೆ ಆ ಸಾಲುಗಳಿಗೆ ಕೆಂಪು ಬಣ್ಣ ಹಚ್ಚಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಸುಮಾರು ಜನರನ್ನು ಬೈಯುವವಳಿದ್ದೇನೆ. ಅದಕ್ಕೂ ಮೊದಲು ನನ್ನ ಪಾಲಿನ ಬೈಗುಳ ನಾನು ತಿಂದು ಮುಗಿಸುವುದು ಒಳ್ಳೆಯದು.

ಕೊರೊನಾದ ಅಲೆಗಳೆಲ್ಲ ಇಳಿದು ವರ್ಷಗಳಾದ ಮೇಲೆ ಸರ್ಕಾರಕ್ಕೆ ಒಂದು ಮೌಲ್ಯಮಾಪನ ಬೇಕಾಯಿತು. ರೋಗ ಬರುವ ಮೊದಲು ಎಷ್ಟು ಸಿದ್ಧರಿದ್ದೆವು, ಬಂದಾಗ ಏನು ಮಾಡಿದೆವು, ಇನ್ನೊಮ್ಮೆ ಬಂದರೆ ತಡೆದುಕೊಳ್ಳುತ್ತೇವೆಯೇ ಎಂದು ಆರು ಪ್ರಶ್ನೆಗಳ ಪಟ್ಟಿ. ಕೆಲಸ ನಾನಿದ್ದ ಸಂಸ್ಥೆಗೆ ಬಂತು. ಮಾರತ್ತಹಳ್ಳಿಯಲ್ಲಿ ಕೆಳಗೆ ಮೊಬೈಲ್ ಅಂಗಡಿ, ಮೇಲೆ ಹೆಣ್ಣುಮಕ್ಕಳ ಪಿಜಿ, ನಡುವೆ ನಮ್ಮ ಕಚೇರಿ. ತಂಡದ ಮುಖ್ಯಸ್ಥರು ನಿವೃತ್ತ ಅಧಿಕಾರಿ, ಅಂಕಿಅಂಶ ನನ್ನದು. ನನಗೆ ಹಂಚಿದ್ದು ಹೊಸೂರು ರಸ್ತೆಯ ಆಚೀಚೆ, ಸಿಂಗಸಂದ್ರದಿಂದ ಬೇಗೂರಿನ ಕಡೆಗೆ ಹಬ್ಬಿದ ಎರಡು ಆರೋಗ್ಯ ಕೇಂದ್ರಗಳ ವ್ಯಾಪ್ತಿ. ಅವುಗಳ ಹೆಸರು ಬೇಡ. ಮೊದಲ ಕೇಂದ್ರ, ಎರಡನೇ ಕೇಂದ್ರ ಅಂದರೆ ಸಾಕು.

ಮೊದಲ ಪ್ರಶ್ನೆ ಸನ್ನದ್ಧತೆಯದು. ಮುಂಚಿತವಾಗಿ ಯೋಜನೆ ಇತ್ತೇ? ಇತ್ತು. ಮೂರು ಪತ್ರ ಬರೆದು, ನಾಲ್ಕು ಸಲ ಹೋಗಿ ಬೆಂಚಿನ ಮೇಲೆ ಕೂತ ಮೇಲೆ ಫೈಲು ಸಿಕ್ಕಿತು. ತೆರೆದು ನೋಡಿದರೆ ಯಾವುದೋ ಹೊಳೆದಂಡೆಯ ತಾಲ್ಲೂಕಿನ ನೆರೆ ಪರಿಹಾರದ ಯೋಜನೆ. ‘ನೆರೆ’ ಎಂದಿದ್ದ ಕಡೆಯೆಲ್ಲ ‘ಸಾಂಕ್ರಾಮಿಕ’ ಎಂದು ಬದಲಿಸಿದ್ದರು, ಅಷ್ಟೆ. ‘ಸಾಂಕ್ರಾಮಿಕದ ಮಟ್ಟ ಅಪಾಯದ ಗುರುತು ದಾಟಿದಾಗ ತಗ್ಗು ಪ್ರದೇಶದ ಜಾನುವಾರುಗಳನ್ನು ಎತ್ತರಕ್ಕೆ ಸಾಗಿಸತಕ್ಕದ್ದು.’ ಸಲಕರಣೆಗಳ ಪಟ್ಟಿಯಲ್ಲಿ ಹಗ್ಗ, ಟಾರ್ಚು, ದೋಣಿ ಎರಡು. ಹೊಸೂರು ರಸ್ತೆಯ ಪಕ್ಕದಲ್ಲಿ ಜ್ವರಕ್ಕೆ ದೋಣಿ! ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿ ನಾನು ನಕ್ಕಿದ್ದೇ ನಕ್ಕಿದ್ದು. ಕೋಪ ಬರಬೇಕಾದ ಜಾಗದಲ್ಲಿ ನಕ್ಕೆ ಎಂದು ಈಗ ನಾಚಿಕೆಯಾಗುತ್ತದೆ.

ಮೂರನೇ ಪ್ರಶ್ನೆಯಲ್ಲಿ ನಾನು ಎಡವಿದೆ. ಪರೀಕ್ಷೆ ಮಾಡಿಸಿಕೊಂಡವರಿಗೆ ಫಲಿತಾಂಶ ಎಷ್ಟು ಬೇಗ ತಲುಪಿತು ಎಂಬುದು ಪ್ರಶ್ನೆ. ಎಲ್ಲರಿಗೂ ತಲುಪಿತು, ತಕ್ಷಣ ತಲುಪಿತು ಎಂಬುದು ಇಲಾಖೆಯ ಉತ್ತರ. ಸಾಕ್ಷಿ ಏನು? ಫೋನಿಗೆ ಸಂದೇಶ ಹೋದ ದಾಖಲೆ. ಗಂಟಲ ದ್ರವ ತೆಗೆಯುವಾಗ ಆ್ಯಪಿನಲ್ಲಿ ಹೆಸರು, ವಯಸ್ಸು, ಫೋನ್ ನಂಬರ್ ತುಂಬಬೇಕಿತ್ತು. ಆ ನಂಬರಿಗೆ ಆರು ಅಂಕಿಯ ಓಟಿಪಿ ಬರುತ್ತಿತ್ತು. ಅದನ್ನು ಒತ್ತಿದರೆ ಮಾತ್ರ ಮುಂದಿನ ಪುಟ ತೆರೆದು, ಕೊಳವೆಗೆ ಅಂಟಿಸುವ ಗುರುತಿನ ಸಂಖ್ಯೆ ಸಿಗುತ್ತಿತ್ತು. ಎರಡು ಮೂರು ದಿನದ ಮೇಲೆ ಫಲಿತಾಂಶವೂ ಅದೇ ನಂಬರಿಗೆ ಹೋಗುತ್ತಿತ್ತು.

ಸಂದೇಶ ಹೋದರೆ ಸಾಲದು, ಸರಿಯಾದ ಮನುಷ್ಯನಿಗೆ ಹೋಗಿರಬೇಕು ಎಂದುಕೊಂಡು ನಾನೊಂದು ನಿಯಮ ಮಾಡಿದೆ. ಒಂದೇ ನಂಬರ್ ಹತ್ತಕ್ಕಿಂತ ಹೆಚ್ಚು ಹೆಸರಿನ ಮುಂದೆ ಬಂದರೆ ಅದು ಅನುಮಾನದ ನಮೂದು. ಟಾರ್ಗೆಟ್ ಮುಟ್ಟಿಸಲು ಯಾರೋ ಕೂತಲ್ಲೇ ತುಂಬಿದ್ದು. ಹತ್ತೇ ಯಾಕೆ? ಒಂದು ಮನೆಯಲ್ಲಿ ಹತ್ತು ಜನಕ್ಕಿಂತ ಹೆಚ್ಚು ಇರಲಾರರು ಎಂದು ನನ್ನ ಅಂದಾಜು. ಎಸಿ ಕೋಣೆಯಲ್ಲಿ ಕೂತು, ಫಿಲ್ಟರ್ ಕಾಫಿ ಕುಡಿಯುತ್ತಾ ಮಾಡಿದ ಅಂದಾಜು. ಎರಡನೇ ಕೇಂದ್ರದ ಕಡತ ಶುಭ್ರವಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ನಂಬರ್. ಅದಕ್ಕೆ ಹಸಿರು ಹಚ್ಚಿದೆ. ಮೊದಲ ಕೇಂದ್ರದ ಕಡತದಲ್ಲಿ ಒಂದೇ ನಂಬರು ಪುಟದ ಮೇಲೆ ಪುಟ ಬರುತ್ತಿತ್ತು, ನೂರಾರು ಹೆಸರುಗಳ ಮುಂದೆ. ಎಷ್ಟು ಎಂದು ಎಣಿಸಿದ್ದೆ. ಆ ಸಂಖ್ಯೆ ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆದೇ ನಾನು ಕೆಟ್ಟದ್ದು.

ಪದ್ಧತಿಯಂತೆ ಮಧ್ಯಂತರ ಟಿಪ್ಪಣಿ ಇಲಾಖೆಗೆ ಹೋಯಿತು, ಕೆಂಪು ಸಾಲುಗಳ ಸಮೇತ. ನಾಲ್ಕು ತಿಂಗಳಿಂದ ನಮ್ಮ ಒಂದು ಪತ್ರಕ್ಕೂ ಉತ್ತರ ಕೊಡದಿದ್ದ ಇಲಾಖೆ ಇದಕ್ಕೆ ಹತ್ತೇ ದಿನದಲ್ಲಿ ಎದ್ದು ಕೂತಿತು. ನನಗದು ಗೊತ್ತಾದದ್ದು ಒಂದು ಫೋನ್ ಕರೆಯಿಂದ.

“ಮೇಡಂ, ಪಟ್ಟಿ ಕೆಳಗೆ ನಿಮ್ ನಂಬರ್ ಇದೆ. ನನ್ ನಂಬರ್‌ಗೆ ಕೆಂಪು ಹಚ್ಚಿದ್ದು ನೀವೇನಾ?”

ಯಾರು ಎಂದು ಕೇಳಿದೆ.

“ಆಶಾ ಕಾರ್ಯಕರ್ತೆ. ಸುಳ್ಳು ಮಾಹಿತಿ ತುಂಬಿದೀನಂತೆ. ನೋಟಿಸ್ ಕೊಟ್ಟವ್ರೆ. ವಿಚಾರಣೆ ಮುಗಿಯೋವರ್ಗೂ ಸೆಂಟರ್ ಕಡೆ ತಲೆ ಹಾಕ್ಬೇಡ ಅಂದವ್ರೆ. ಹದಿಮೂರು ವರ್ಷ ಆಯ್ತು ಮೇಡಂ ನಾನೀ ಕೆಲ್ಸಕ್ಕೆ ಸೇರಿ. ನೀವ್ ಒಂದ್ ಸಲ ಫೋನ್ ಮಾಡಿ ಕೇಳ್ಬೋದಿತ್ತು. ನಂಬರ್ ಅಂತೂ ನಿಮ್ಹತ್ರ ಇತ್ತಲ್ಲಾ.”

ಆ ಕೊನೆಯ ಮಾತು ನನ್ನ ಕಪಾಳಕ್ಕೆ ಬಿತ್ತು. ಹೌದು, ಇತ್ತು. ನೂರಾರು ಸಲ ಕಣ್ಣೆದುರು ಇತ್ತು. ಒಮ್ಮೆ ಒತ್ತಿ ಕೇಳಬೇಕು ಅಂತ ಅನ್ನಿಸಲೇ ಇಲ್ಲ.

ಮಾರನೇ ದಿನ ಹೋದೆ. ಬೇಗೂರಿನ ಹಳೇ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಆಕೆಯ ಮನೆ. ನಲವತ್ತೈದರ ಆಸುಪಾಸಿನ ಹೆಂಗಸು. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಊರವರೆಲ್ಲ ಆಕೆಯನ್ನು ಅಕ್ಕ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಅಕ್ಕ ನನ್ನನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿದಳು.

“ನಿಮಗೆ ಶೆಡ್ ಅಂದ್ರೆ ಏನು ಅಂತ ಗೊತ್ತಾ?”

ಗೊತ್ತು ಎಂದೆ.

“ಗೊತ್ತಿಲ್ಲ ಬಿಡಿ. ಗೊತ್ತಿದ್ರೆ ಹತ್ತು ಅಂತ ಬರೀತಿರ್ಲಿಲ್ಲ. ಒಂದ್ ಶೀಟಿನ್ ಶೆಡ್ಡಲ್ಲಿ ಇಪ್ಪತ್ತೈದ್ ಜನ. ಯಾದಗಿರಿ, ರಾಯಚೂರು ಕಡೆಯೋರು. ಇಪ್ಪತ್ತೈದ್ ಜನಕ್ಕೆ ಮೂರ್ ಫೋನು. ಒಂದು ಗಂಡನ ಜೊತೆ ಸೈಟಿಗೋಗಿರುತ್ತೆ. ಇನ್ನೊಂದು ರೀಚಾರ್ಜ್ ಇಲ್ದೆ ಒಳಬರೋ ಮೆಸೇಜೂ ನಿಂತೋಗಿರುತ್ತೆ. ಇನ್ನೊಂದು ಮೇಸ್ತ್ರಿದು. ಮೇಸ್ತ್ರಿ ನಂಬರ್ ಹಾಕಿದ್ರೆ ಏನಾಗುತ್ತೆ ಗೊತ್ತಾ? ಪಾಸಿಟಿವ್ ಅಂತ ಮೆಸೇಜ್ ಬಂದ್ರೆ ಅವ್ನು ಹೇಳೋದೇ ಇಲ್ಲ. ಮಾರನೇ ದಿನ ತಾರಸಿಗೆ ಮೋಲ್ಡ್ ಹಾಕೋದಿದೆ, ಆಳು ಬೇಕು. ಓಟಿಪಿ ಇಲ್ದೆ ಆ್ಯಪು ಮುಂದಕ್ಕೆ ಹೋಗಲ್ಲ. ಬಿಸಿಲಲ್ಲಿ ಜನ ಸಾಲಾಗ್ ನಿಂತವ್ರೆ. ನಾನೇನ್ ಮಾಡ್ಲಿ ಹೇಳಿ?”

“ನಿಮ್ಮ ನಂಬರ್ ಹಾಕಿ ಅಂತ ಯಾರಾದರೂ ಹೇಳಿದ್ರಾ?”

“ನಮ್ ಸೆಂಟರ್ ಡಾಕ್ಟ್ರೇ ಹೇಳಿದ್ರು. ‘ನಿಮ್ದೇ ಹಾಕ್ರೀ, ಇವತ್ತಿನ ಟಾರ್ಗೆಟ್ ಮುಗೀಲಿ’ ಅಂದ್ರು. ಬರ್ದು ಕೊಡಿ ಅಂತ ಕೇಳಕ್ಕಾಗುತ್ತಾ? ಈಗ ಕೇಳಿದ್ರೆ ನಾನ್ ಅಂದೇ ಇಲ್ಲ ಅಂತಾರೆ.”

ಆಮೇಲೆ ಒಳಗೆ ಹೋಗಿ ಮೂರು ನೋಟುಬುಕ್ಕು ತಂದು ನನ್ನ ಕೈಗೆ ಕೊಟ್ಟಳು. ಶಾಲೆಯ ಮಕ್ಕಳ ಇನ್ನೂರು ಪುಟದ ನೋಟುಬುಕ್ಕು. ಒಂದೊಂದು ಓಟಿಪಿ ಬಂದಾಗಲೂ ಅಕ್ಕ ಅದರಲ್ಲಿ ಒಂದು ಸಾಲು ಬರೆದಿದ್ದಳು: ಕೊಳವೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಹೆಸರು, ಊರು, ಮತ್ತು ಇರುವ ಜಾಗ. ಆ ಓಣಿಗಳಲ್ಲಿ ಮನೆಗೆ ನಂಬರೆಲ್ಲಿಂದ ಬರಬೇಕು? ‘ನೀಲಿ ಶೀಟು, ಬೋರ್‌ವೆಲ್ ಎದುರು, ಎಡಗಡೆ ಮೂರನೇ ಬಾಗಿಲು.’ ‘ಎರಡು ಹಲ್ಲಿಲ್ಲದ ಅಜ್ಜನ ಪಕ್ಕ.’ ‘ಶಹಾಪುರದ ಭೀಮಮ್ಮ, ಮೂರು ಜನ ಭೀಮಮ್ಮ ಇದ್ದಾರೆ, ಇವಳು ಗಿಡ್ಡ.’ ಫಲಿತಾಂಶದ ಸಂದೇಶ ತನ್ನ ಫೋನಿಗೆ ಬಂದ ಕೂಡಲೇ ಅಕ್ಕ ಆ ಬಾಗಿಲಿಗೆ ನಡೆದು ಹೋಗಿ ಬಾಯಲ್ಲಿ ಹೇಳಿ ಬರುತ್ತಿದ್ದಳು. ಹೇಳಿದ ಮೇಲೆ ಸಾಲಿನ ಕೊನೆಗೆ ತಾರೀಕು ಹಾಕಿ ಒಂದು ಗೀಟು.

ನನ್ನ ಕಸುಬೇ ಅನುಮಾನದ್ದು. ನೋಟಿಸ್ ಬಂದ ಮೇಲೆ ಕೂತು ಬರೆದ ಪುಸ್ತಕವೂ ಆಗಿರಬಹುದಲ್ಲ? ಹಾಗಾಗಿ ಪ್ರಯೋಗಾಲಯದ ದಾಖಲೆಯ ಜೊತೆ ತಾಳೆ ನೋಡಿದೆ. ಎರಡು ದಿನ ಅದೇ ಕೆಲಸ. ಕೊಳವೆಯ ಅಂಕಿಗಳು ಹೊಂದಿದವು. ಫಲಿತಾಂಶ ಬಂದ ತಾರೀಕಿಗೂ ಅಕ್ಕನ ಗೀಟಿನ ತಾರೀಕಿಗೂ ಹೆಚ್ಚಿನ ಕಡೆ ಒಂದೇ ದಿನ, ಇಲ್ಲವೇ ಮಾರನೇ ದಿನ. ಎರಡನೇ ಪುಸ್ತಕದ ನಡುವೆ ಮಾತ್ರ ಗೀಟಿಲ್ಲದ ಸಾಲುಗಳು, ಹನ್ನೊಂದು ದಿನದವು. ಇದೇನು ಎಂದು ಫೋನಿನಲ್ಲಿ ಕೇಳಿದೆ.

“ಆಗ ನಂಗೇ ಬಂದಿತ್ತು ಮೇಡಂ. ಮೇಲೇಳಕ್ಕಾಗ್ಲಿಲ್ಲ. ಮೆಸೇಜು ಬರ್ತಾನೇ ಇದ್ವು, ಬರ್ಕೊಂಡೆ ಅಷ್ಟೆ. ಆ ಜನಕ್ಕೆ ಹೇಳಕ್ಕಾಗ್ಲಿಲ್ಲ. ಅದೊಂದು ತಪ್ಪು ನಂದೇ.”

ಸುಳ್ಳು ಬರೆಯುವವರು ಇಂಥ ಜಾಗ ಖಾಲಿ ಬಿಡುವುದಿಲ್ಲ. ಹತ್ತಾರು ಇಲಾಖೆಗಳ ಕಡತ ನೋಡಿದ್ದೇನೆ. ಕಳ್ಳ ಕಡತದಲ್ಲಿ ಒಂದು ಚೌಕವೂ ಖಾಲಿ ಇರುವುದಿಲ್ಲ.

ಆದರೂ ಚೀಟಿ ಎತ್ತಿ ಮೂವತ್ತು ಹೆಸರು ಆರಿಸಿಕೊಂಡು ಓಣಿಗಿಳಿದೆ. ಅರ್ಧಕ್ಕರ್ಧ ಜನ ಊರಿಗೆ ಹೋಗಿದ್ದರು, ಇಲ್ಲವೇ ಬೇರೆ ಸೈಟಿಗೆ. ಸಿಕ್ಕವರೆಲ್ಲರದೂ ಒಂದೇ ಮಾತು: ಅಕ್ಕ ಬಂದು ಹೇಳಿದ್ದಳು. ಸಾಲು ಮನೆಗಳ ಒಬ್ಬ ಮಾಲೀಕರು ಸಿಕ್ಕರು. ಬೇಗೂರಿನ ಹಳೇ ಕುಟುಂಬ; ಹೊಲವಿದ್ದ ಕಡೆ ಈಗ ಅರವತ್ತು ರೂಮು ಬಾಡಿಗೆಗೆ. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

“ಆಯಮ್ಮನ್ನ ನಾನೇ ಒಳೀಕ್ ಬಿಡ್ತಿರ್ಲಿಲ್ಲ ಕಣಮ್ಮ. ಸುಳ್ಯಾಕೆ ಏಳ್ಲಿ. ಯಾರ್ಗಾನಾ ಪಾಸಿಟಿವ್ ಅಂತ ಗೊತ್ತಾದ್ರೆ ಪಟ್ಟಿ ಕಟ್ಟಿ ಓಣಿನೇ ಸೀಲ್ ಮಾಡೋರು. ಅದ್ಕೆ ಜ್ವರ ಬಂದೋರ್ನ ರೂಮ್ ಖಾಲಿ ಮಾಡ್ಸ್ತಿದ್ವಿ, ಊಂ ಕಣಮ್ಮ. ಆಯಮ್ಮ ಏನ್ಮಾಡೋಳು ಅಂದ್ರೆ, ತಕ್ಕಡಿ ಇಡ್ಕೊಂಡ್ ಬರೋಳು. ಮಗಾ ತೂಕ ನೋಡ್ಬೇಕು, ಕರ್ಕೊಂಡ್ ಬಾರಮ್ಮ ಅಂತ ಗೇಟಿಂದ ಕೂಗೋಳು. ನಾವು ಮಗೀಗೇ ಅಂದ್ಕೊಳ್ಳೋದು. ಇಂಗೆ ಮೂಲೇಗ್ ಕರ್ಕೊಂಡೋಗಿ ಇಂಗಿಂಗೆ ಅಂತ ಕಿವೀಲಿ ಏಳಿ, ಮಾತ್ರೆ ಕೊಟ್ಟು ಓಗ್ಬಿಡೋಳು. ಆಮೇಲ್ ಗೊತ್ತಾಗಿದ್ದು ನಂಗೆ.” ಮತ್ತೆ ಹೇಳಿದರು: “ನಮ್ಮನೇಲೂ ಒಬ್ರು ತೀರ್ಕೊಂಡ್ರು. ಆಗ ಆಯಮ್ಮನೇ ಬಂದಿದ್ದು. ಬ್ಯಾರೆ ಯಾರೂ ಬರ್ಲಿಲ್ಲ.”

ಮೂರು ದಿನ ನಡೆದ ಮೇಲೆ ನನಗೆ ಬೇರೆಯದೇ ಹುಳ ತಲೆಗೆ ಹೊಕ್ಕಿತು. ಮೊದಲ ಕೇಂದ್ರದ ಓಣಿಯಲ್ಲಿ ಇಪ್ಪತ್ತೈದು ಜನಕ್ಕೆ ಮೂರು ಫೋನು. ರಸ್ತೆ ದಾಟಿದರೆ ಎರಡನೇ ಕೇಂದ್ರ. ಅಲ್ಲೂ ಅದೇ ಶೆಡ್ಡು, ಅದೇ ಊರಿನವರು, ಅದೇ ಗಾರೆ ಕೆಲಸ. ಹಾಗಾದರೆ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೋನು ಎಲ್ಲಿಂದ ಬಂತು?

ಈ ಸಲ ನಂಬರ್ ಒತ್ತಿದೆ. ಹಸಿರು ಹಚ್ಚಿದ್ದ ಕಡತದಿಂದ ಒಂದೊಂದೇ. ಮೊದಲನೆಯದು ಸಿಂಗಸಂದ್ರದ ತರಕಾರಿ ಅಂಗಡಿಯವನದು. ನಾನು ಹೆಸರು ಹೇಳಿದೆ. “ಯಾರ್ ಮೇಡಂ ಅವ್ರು? ನಂಗೊತ್ತಿಲ್ಲ. ಆಗ ಟೆಸ್ಟ್ ಮಾಡೋರು ಅಂಗಡಿ ಪಕ್ಕ ಟೇಬಲ್ ಹಾಕ್ಕೊಂಡಿದ್ರು. ಒಂದ್ ಓಟಿಪಿ ಹೇಳಣ್ಣ ಅಂದ್ರು, ಹೇಳ್ದೆ. ತರಕಾರಿ ತಗೊಳ್ಳಕ್ ಬಂದೋರ್ ಹತ್ರಾನೂ ಕೇಳೋರು.” ಎರಡನೆಯದು ಒಬ್ಬ ಆಟೋ ಚಾಲಕನದು. ಮೂರನೆಯದು ಒಬ್ಬ ಸಾಫ್ಟ್‌ವೇರ್ ಹುಡುಗಿಯದು. ಕೊತ್ತಂಬರಿ ಕೊಳ್ಳಲು ಬಂದು ಓಟಿಪಿ ಕೊಟ್ಟು ಹೋದವಳು. ಒಂದೇ ನಂಬರ್ ಮತ್ತೆ ಮತ್ತೆ ಹಾಕಿದರೆ ಮುಂದೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೇವೆ ಎಂದು ಅಲ್ಲಿಯವರಿಗೆ ಗೊತ್ತಿತ್ತು. ಹಾಗಾಗಿ ದಾರಿಹೋಕರ ಫೋನು ಎರವಲು ಪಡೆದರು. ಫಲಿತಾಂಶಗಳೂ ದಾರಿಹೋಕರಿಗೇ ಹೋದವು. ಅವರು ‘ಇದ್ಯಾವುದೋ ತಪ್ಪು ಮೆಸೇಜು’ ಎಂದು ಅಳಿಸಿಹಾಕಿದರು. ನನ್ನ ನಿಯಮಕ್ಕೆ ಅದೇ ಶುಭ್ರವಾಗಿ ಕಂಡಿತು. ಬಾಗಿಲು ಬಾಗಿಲಿಗೆ ನಡೆದವಳು ಕಳ್ಳಿ ಅನ್ನಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಆ ಬರೆ ಕಾಯಿಸಿ ಕೊಟ್ಟವಳು ನಾನು.

ಆ ಆಟೋ ಚಾಲಕನ ನಂಬರಿಗೆ ಹೋದ ಫಲಿತಾಂಶ ಒಬ್ಬ ಕಾಂಕ್ರೀಟ್ ಕೆಲಸಗಾರನದು. ಪಾಸಿಟಿವ್. ವಯಸ್ಸು ಮೂವತ್ತನಾಲ್ಕು. ಮೇಸ್ತ್ರಿಗಳನ್ನು ಕೇಳುತ್ತಾ ಹೋಗಿ ಅವನ ಹೆಂಡತಿಯನ್ನು ಹುಡುಕಿದೆ. ಸಿಂಗಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುವ ಕೆಲಸದಲ್ಲಿದ್ದಳು. ಮಧ್ಯಾಹ್ನ ಪಂಪ್ ಮನೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದಳು.

“ಟೆಸ್ಟ್ ಮಾಡಿದ್ರು ಅಕ್ಕಾರ, ಮೂಗಿನಾಗ ಕಡ್ಡಿ ಹಾಕಿ. ಆಮ್ಯಾಲ ಯಾರೂ ಏನೂ ಹೇಳ್ಲಿಲ್ರಿ. ಹೇಳ್ಲಿಲ್ಲ ಅಂದ್ರ ಏನೂ ಇಲ್ಲ ಅಂತ ತಿಳ್ಕೊಂಡು ನಮ್ಮನಿಯವ್ರು ಕೆಲ್ಸಕ್ಕ ಹ್ವಾದ್ರು. ಮೂರು ದಿನ ಹ್ವಾದ್ರು. ನಾಕನೇ ದಿನ ಮುಂಜಾನಿ ಉಸಿರು ಸಿಗಲಾರದಂಗ ಆತು. ಖೋಲ್ಯಾಗೇ ಜೀವ ಹೋತ್ರಿ. ಎದಿ ಒಡದೈತಿ ಅಂದ್ರು ಎಲ್ಲಾರೂ. ಗಾಡಿ ಮಾಡ್ಕೊಂಡು ಊರಿಗಿ ಒಯ್ದಿವಿ.”

ನಾನು ಸುತ್ತಿ ಬಳಸಿ ಮಾತಾಡಲು ನೋಡಿದೆ. ಬರಲಿಲ್ಲ. ಅವನಿಗೆ ಕೊರೊನಾ ಇತ್ತು, ಫಲಿತಾಂಶ ಬಂದಿತ್ತು, ಬೇರೆಯವರ ಫೋನಿಗೆ ಹೋಯಿತು ಎಂದು ನೇರವಾಗಿ ಹೇಳಿದೆ. ಹೀಗೆ, ಸರ್ಕಾರ ಆ ಮನೆಗೆ ತಲುಪಿಸಬೇಕಾಗಿದ್ದ ಫಲಿತಾಂಶವನ್ನು ವರ್ಷಗಳ ಮೇಲೆ, ಪಂಪ್ ಮನೆಯ ನೆರಳಲ್ಲಿ, ಮೌಲ್ಯಮಾಪನಕ್ಕೆ ಬಂದ ನಾನು ತಲುಪಿಸಿದೆ.

ಆಕೆ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟಳು.

“ಹಂಗಾರ ಅದು ಆ ಜಡ್ಡೇ ಏನ್ರಿ?”

“ಹೌದಮ್ಮ.”

“ಒಂದು ಚೀಟಿ ಮ್ಯಾಲ ಬರದು ಕೊಡ್ರಿ. ನಮ್ಮ ಅತ್ತಿ ಇನ್ನೂ ಅಂತಾಳ, ನೀನೇ ಸರಿ ನೋಡ್ಕೊಳ್ಳಿಲ್ಲ, ಹೊತ್ತಿಗೆ ಸರಿ ಉಣ್ಣಾಕ ಹಾಕ್ಲಿಲ್ಲ, ಅದಕ್ಕ ಹ್ವಾದ ಅಂತ. ಊರಾಗ ಎಲ್ಲಾರೂ ಹಂಗೇ ಅಂತಾರ. ಚೀಟಿ ತೋರಸ್ತೀನಿ.”

ಒಬ್ಬರ ಪರೀಕ್ಷೆಯ ವಿವರವನ್ನು ಮೌಲ್ಯಮಾಪಕರು ಹೊರಗೆ ಬರೆದುಕೊಡುವಂತಿಲ್ಲ. ಕರಾರಿನಲ್ಲಿ ಸ್ಪಷ್ಟವಾಗಿದೆ, ನಾನೇ ಸಹಿ ಹಾಕಿದ್ದೇನೆ. ಹಾಳೆ ಹರಿದು ಬರೆದುಕೊಟ್ಟೆ. ಹೆಸರು, ಪರೀಕ್ಷೆಯ ತಾರೀಕು, ಫಲಿತಾಂಶ, ಕೆಳಗೆ ‘ಇದು ಮನೆಯವರಿಗೆ ತಿಳಿಸಿರುವುದಿಲ್ಲ’ ಎಂಬ ಸಾಲು, ಅದರ ಕೆಳಗೆ ನನ್ನ ಸಹಿ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೆ. ಓಟಿಪಿ ಇಲ್ಲದೆ ಮುಂದಕ್ಕೆ ಹೋಗದ ಆ್ಯಪು ಮಾಡಿದವನು ಒಂದು ದಿನವಾದರೂ ಶೆಡ್ಡಿಗೆ ಬಂದು ನೋಡಿದ್ದನೇ? ಟಾರ್ಗೆಟ್ ಎಂದು ಕೂಗಿದವರು, ಸಂದೇಶ ಹೋದರೆ ಕೆಲಸ ಮುಗಿಯಿತು ಎಂದವರು, ದೋಣಿಯ ಪಟ್ಟಿಗೆ ಸಹಿ ಹಾಕಿದವರು, ಅವರ ಜೊತೆ ಸಾಲಾಗಿ ನಾನು.

ಮುಖ್ಯಸ್ಥರಿಗೆ ಎಲ್ಲ ವರದಿ ಒಪ್ಪಿಸಿದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

“ಸರಿ, ಮೂರನೇ ಪ್ರಶ್ನೆಯ ಆ ಭಾಗವನ್ನೇ ತೆಗೆದುಬಿಡೋಣ. ಕೆಂಪೂ ಬೇಡ, ಹಸಿರೂ ಬೇಡ. ಯಾರಿಗೂ ತೊಂದ್ರೆ ಇಲ್ಲ.”

“ನೋಟಿಸ್ ಹೋಗಿದೆ ಸಾರ್. ನಾವು ತೆಗೆದರೆ ಅದು ವಾಪಸ್ ಬರಲ್ಲ. ನನ್ನ ನಿಯಮ ತಪ್ಪು, ಆ ಪಟ್ಟಿ ಹಿಂತೆಗೆದುಕೊಂಡಿದ್ದೀನಿ ಅಂತ ಬರೆಯಬೇಕು. ಆ ನೋಟುಬುಕ್ಕನ್ನ ಅನುಬಂಧವಾಗಿ ಹಾಕಬೇಕು. ಅಲ್ಲಿ ಫಲಿತಾಂಶ ತಲುಪಿಸಿದ ವ್ಯವಸ್ಥೆ ಅದೊಂದೇ.”

“ನಾವೇ ನಮ್ಮ ಮೆಥಡ್ ತಪ್ಪಿತ್ತು ಅಂತ ಬರೆದ್ರೆ ಮಿಕ್ಕಿದ್ದನ್ನ ಯಾರಮ್ಮ ನಂಬ್ತಾರೆ?”

“ತಪ್ಪು ಅಂತ ಗೊತ್ತಿದ್ದೂ ಬರೆಯದಿದ್ದರೆ ಯಾಕ್ ಸಾರ್ ನಂಬಬೇಕು?”

ನನ್ನ ದನಿ ಏರಿತ್ತು. ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು. ಮುಖ್ಯಸ್ಥರು ಕನ್ನಡಕ ಹಾಕಿಕೊಂಡು, ವಿಚಾರಣೆಗೆ ನಾನು ನೇರವಾಗಿ ಏನನ್ನಾದರೂ ಕೊಟ್ಟರೆ ವರದಿಯಿಂದ ನನ್ನ ಹೆಸರು ತೆಗೆಯಬೇಕಾಗುತ್ತದೆ, ಸಂಸ್ಥೆಯಲ್ಲಿ ಮುಂದುವರಿಯುವುದೂ ಕಷ್ಟ ಎಂದರು. ತೆಗೆಯಿರಿ ಎಂದೆ. ಈಗ ಬರೆಯುವಾಗ ಧೈರ್ಯದ ಮಾತಿನ ಹಾಗೆ ಕಾಣುತ್ತದೆ. ಆಗ ಹಾಗಿರಲಿಲ್ಲ. ಆ ಕೆಲಸ ನನಗೆ ಇಷ್ಟವಿತ್ತು.

ವಿಚಾರಣೆಗೆ ಒಂದು ಬೆಳಿಗ್ಗೆ ಹನ್ನೊಂದು ಗಂಟೆ ಕೊಟ್ಟಿದ್ದರು. ಉದ್ದನೆಯ ಮೇಜಿನ ತಲೆಯಲ್ಲಿ ವಿಚಾರಣಾಧಿಕಾರಿ, ಪಕ್ಕದಲ್ಲಿ ಗುಮಾಸ್ತ, ಎದುರಿಗೆ ಮೊದಲ ಕೇಂದ್ರದ ವೈದ್ಯಾಧಿಕಾರಿ. ಅಕ್ಕ ತನ್ನ ಗುಲಾಬಿ ಸಮವಸ್ತ್ರದ ಸೀರೆ ಇಸ್ತ್ರಿ ಮಾಡಿಸಿಕೊಂಡು ಉಟ್ಟು ಬಂದಿದ್ದಳು. ಸೆಂಟರಿನ ಕಡೆ ತಲೆ ಹಾಕಬೇಡ ಅಂದಿದ್ದರೇ ಹೊರತು ಸೀರೆ ಉಡಬೇಡ ಅಂದಿರಲಿಲ್ಲವಂತೆ.

ನನ್ನ ಪತ್ರ ಓದಿದೆ. ಹತ್ತು ಎಂಬ ಗಡಿಯನ್ನು ಸ್ಥಳ ನೋಡದೆ ನಿಗದಿ ಮಾಡಿದ್ದೆ, ತಪ್ಪು ನನ್ನದು, ಪಟ್ಟಿಯನ್ನು ಹಿಂತೆಗೆದುಕೊಂಡಿದ್ದೇನೆ. ಪ್ರಯೋಗಾಲಯದ ದಾಖಲೆಯೊಂದಿಗೆ ತಾಳೆ ಮಾಡಿದ ನೋಟುಬುಕ್ಕಿನ ಪ್ರತಿ ಲಗತ್ತಿಸಿದ್ದೇನೆ. ಶುಭ್ರವಾಗಿ ಕಂಡ ಕಡತದ ನಂಬರುಗಳಲ್ಲಿ ನಾನು ಕರೆ ಮಾಡಿದ ಒಂದೂ ಆಯಾ ವ್ಯಕ್ತಿಯದಾಗಿರಲಿಲ್ಲ.

ಅಧಿಕಾರಿ ವೈದ್ಯಾಧಿಕಾರಿಯ ಕಡೆ ತಿರುಗಿದರು. “ಸ್ವಂತ ನಂಬರ್ ಹಾಕಲು ಈಕೆಗೆ ಯಾರು ಹೇಳಿದ್ದು, ಡಾಕ್ಟ್ರೇ?”

ವೈದ್ಯಾಧಿಕಾರಿ ಮೇಜಿನ ಮೇಲಿನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರು. “ಲಿಖಿತವಾಗಿ ಅಂಥ ಆದೇಶ ಏನೂ ಇಲ್ಲ ಸಾರ್.”

ಕೇಳಿದ್ದು ಯಾರು ಹೇಳಿದರು ಎಂದು. ಉತ್ತರ ಬಂದದ್ದು ಯಾರೂ ಬರೆಯಲಿಲ್ಲ ಎಂದು. ನನಗೆ ಎದ್ದು ಆ ಬಾಟಲಿ ಕಿತ್ತುಕೊಳ್ಳಬೇಕು ಅನ್ನಿಸಿತು. ಅಕ್ಕ ಅವರ ಕಡೆ ನೋಡಲೂ ಇಲ್ಲ.

ಅರ್ಧ ಗಂಟೆ ಹೊರಗೆ ಕೂರಿಸಿದರು. ಮತ್ತೆ ಕರೆದಾಗ ಆದೇಶ ಟೈಪಾಗಿತ್ತು. ಆರೋಪ ಕೈಬಿಡಲಾಗಿದೆ, ಕೆಲಸಕ್ಕೆ ಮರಳಬಹುದು, ಆದರೆ ನಿಯಮ ಮೀರಿ ಸ್ವಂತ ಫೋನ್ ನಂಬರ್ ನಮೂದಿಸಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ, ಮುಂದೆ ಇದು ಮರುಕಳಿಸತಕ್ಕದ್ದಲ್ಲ. ಎಚ್ಚರಿಕೆ! ಇಡೀ ವ್ಯವಸ್ಥೆ ಮಲಗಿದ್ದಾಗ ಎದ್ದಿದ್ದವಳಿಗೆ ಎಚ್ಚರಿಕೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಪೆನ್ನು ತೆಗೆದುಕೊಂಡು ಸಹಿ ಹಾಕಿಬಿಟ್ಟಳು. ತನ್ನ ಪ್ರತಿಯನ್ನು ಮಡಿಸುತ್ತಾ ಕೇಳಿದಳು.

“ಸಾರ್, ಒಂದೇ ಒಂದ್ ಮಾತು. ನಾಳೆ ಮತ್ತೆ ಬಂತು ಅಂದ್ಕೊಳಿ. ಶೆಡ್ಡಲ್ಲಿ ಇಪ್ಪತ್ತೈದ್ ಜನ, ಫೋನಿಲ್ಲ, ಆ್ಯಪು ಓಟಿಪಿ ಕೇಳುತ್ತೆ. ಯಾರ ನಂಬರ್ ಹಾಕ್ಲಿ? ಅದೊಂದ್ ಬರ್ದು ಕೊಟ್ಬಿಡಿ, ಈ ಎಚ್ಚರಿಕೆ ಜೊತೇಲೇ ಇಟ್ಕೊಂಡಿರ್ತೀನಿ.”

ಗುಮಾಸ್ತ ಅಧಿಕಾರಿಯನ್ನು ನೋಡಿದ. ಅಧಿಕಾರಿ ವೈದ್ಯಾಧಿಕಾರಿಯನ್ನು ನೋಡಿದರು. ವೈದ್ಯಾಧಿಕಾರಿ ಬಾಟಲಿ ನೋಡಿದರು.

“ಅದೆಲ್ಲ ಮೇಲಿಂದ ಬರಬೇಕಮ್ಮ,” ಎಂದರು ಅಧಿಕಾರಿ.

ನಮ್ಮ ಪಟ್ಟಿಯ ಆರನೇ ಪ್ರಶ್ನೆ ಇದೇ: ಮುಂದಿನ ಸಲಕ್ಕೆ ವ್ಯವಸ್ಥೆ ಸಿದ್ಧವಾಗಿದೆಯೇ? ನನ್ನ ಹೆಸರಿಲ್ಲದ ವರದಿಯಲ್ಲಿ ಆಮೇಲೆ ‘ತೃಪ್ತಿಕರ’ ಎಂದು ಅಚ್ಚಾಯಿತು. ನಾನಂತೂ ಸರಿಯಾದ ಉತ್ತರವನ್ನು ಆ ಕೋಣೆಯಲ್ಲಿ ಕಿವಿಯಾರೆ ಕೇಳಿದ್ದೇನೆ.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತೆವು. ಲಾರಿಗಳ ಧೂಳು, ಬಿಸಿಲು. ಅಕ್ಕನಿಗೆ ನಾನು ಕ್ಷಮೆ ಕೇಳಿದೆ. ಅಕ್ಕ ಬಸ್ಸು ಬರುವ ಕಡೆ ಕತ್ತು ಚಾಚಿ ನೋಡಿದಳು. ಅಷ್ಟರಲ್ಲಿ ಆಕೆಯ ಕೈಚೀಲದಲ್ಲಿ ಫೋನು ಟಿಣ್ ಅಂದಿತು. ಹಿಂದೆಯೇ ಕರೆ. ಎತ್ತಿ, ಸದ್ದಿಗೆ ಕೇಳಿಸದೆ, ಸ್ಪೀಕರಿಗೆ ಹಾಕಿದಳು. ಆಕೆಯ ಜೊತೆಯ ಇನ್ನೊಬ್ಬ ಆಶಾ ಕಾರ್ಯಕರ್ತೆ.

“ಅಕ್ಕಾ, ಜ್ವರದ ಸರ್ವೆಲಿದೀನಿ, ನೀಲಿ ಶೀಟಿನ್ ಶೆಡ್ ಹತ್ರ. ಹೊಸ ಆ್ಯಪು, ಇದೂ ಓಟಿಪಿ ಕೇಳ್ತಾ ಐತೆ. ಇಲ್ಲೊಂದ್ ಹೆಂಗಸಿಗೆ ಮೈ ಕೆಂಡ ಕಣಕ್ಕಾ, ಫೋನಿಲ್ಲ. ನನ್ ನಂಬರ್ ಆಗ್ಲೇ ಹತ್ತ್ ಸಲ ಆಯ್ತು, ಇನ್ ತಗೋತಿಲ್ಲ. ನಿಂದ್ ಹಾಕ್ಬಿಟ್ಟಿದೀನಿ. ಬಂತಾ?”

ಹತ್ತು. ನನ್ನ ಪಟ್ಟಿ ಹಿಂದಕ್ಕೆ ಬಂದರೂ ನನ್ನ ನಿಯಮ ಅಷ್ಟರಲ್ಲಿ ಹೊಸ ಆ್ಯಪಿನೊಳಗೆ ಹೋಗಿ ಕೂತಿತ್ತು.

ಅಕ್ಕ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಡಿಸಿದ ಎಚ್ಚರಿಕೆಯ ಕಾಗದ ಹಿಡಿದು ನನ್ನ ಮುಖ ನೋಡಿದಳು.

“ಹೇಳ್ಲಾ ಮೇಡಂ, ಬೇಡ್ವಾ?”

“ಹೇಳಿ,” ಎಂದೆ.

ಅಕ್ಕ ಆರು ಅಂಕಿಗಳನ್ನು ಒಂದೊಂದಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಆಮೇಲೆ ಕೈಚೀಲದಿಂದ ನಾಲ್ಕನೇ ನೋಟುಬುಕ್ಕು ತೆಗೆದು, ಎಚ್ಚರಿಕೆಯ ಕಾಗದವನ್ನು ಪುಟದ ಗುರುತಿಗೆ ಒಳಗಿಟ್ಟು, ಆ ಹೆಂಗಸಿನ ಹೆಸರು ಕೇಳಿದಳು.